ಕುಟುಂಬಕ್ಕೊಂದು ಮೋಟಾರು ದೋಣಿ: ಚಿಕ್ಕದೋ, ದೊಡ್ಡದೋ? ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಕೊಡಗಿನ ಮನೆಗಳಲ್ಲಿ ಹೊಸ ಜೀಪಿನ ಮಾತು ಏಳುವುದು ಹಳೆಯ ವಾಡಿಕೆ. ಈಚೆಗೆ ಒಂದೆರಡು ಮನೆಗಳಲ್ಲಿ ಅದರ ಜೊತೆಗೆ ದೋಣಿಯ ಮಾತೂ ಸೇರಿಕೊಂಡಿದೆ. ಮಾತು ಶುರುವಾದ ಸ್ವಲ್ಪ ಹೊತ್ತಿಗೇ ಹಿರಿಯರೊಬ್ಬರು, "ತೆಗೆದುಕೊಳ್ಳುವುದಾದರೆ ದೊಡ್ಡದನ್ನೇ ತೆಗೆದುಕೊಳ್ಳಿ, ಪುತ್ತರಿ ಹಬ್ಬಕ್ಕೆ ಎಲ್ಲರೂ ಬಂದಾಗ ಜಾಗ ಸಾಲಬೇಕಲ್ಲ" ಎನ್ನುತ್ತಾರೆ. ಅಲ್ಲಿಗೆ ತೀರ್ಮಾನ ಆಗಿಹೋಗುತ್ತದೆ. ನಮ್ಮ ಭಾವನವರ ಮನೆಯಲ್ಲಿ ಆದದ್ದೂ ಹೀಗೆಯೇ. ಕ್ಯಾಬಿನ್ ಇರುವ 26 ಅಡಿಯ ಹಳೆಯ ದೋಣಿಯೊಂದನ್ನು ಅವರು ಕರಾವಳಿಯಿಂದ ಲಾರಿಯಲ್ಲಿ ತರಿಸಿದರು. ಎರಡು ವರ್ಷದಲ್ಲಿ ಅದು ನೀರು ಕಂಡದ್ದು ನಾಲ್ಕು ಸಲ. ಉಳಿದ ದಿನವೆಲ್ಲ ಗೋದಾಮಿನ ಪಕ್ಕದಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು, ಅದರ ಕ್ಯಾಬಿನ್ನಿನಲ್ಲಿ ತೋಟದ ನಾಯಿ ಮರಿ ಹಾಕಿತು. ಕೊನೆಗೆ ಅವರು ಅದನ್ನು ಕೊಂಡ ಬೆಲೆಯ ಅರ್ಧಕ್ಕೆ ಮಾರಿದರು.

ಆ ದೋಣಿಯಲ್ಲಿ ದೋಷವಿರಲಿಲ್ಲ, ಅದನ್ನು ಅಳೆದ ಅಳತೆಗೋಲಿನಲ್ಲಿತ್ತು. ವರ್ಷದಲ್ಲಿ ಒಮ್ಮೆ ಬರುವ ನೆಂಟರ ಸಂಖ್ಯೆಯಿಂದ ದೋಣಿಯನ್ನು ಅಳೆದರೆ ಹೀಗಾಗುತ್ತದೆ. ನಿಜವಾಗಿ ನೀರಿಗಿಳಿಯುವ ದಿನಗಳಿಂದಲೂ ಆ ನೀರಿನ ತನಕ ಹೋಗುವ ರಸ್ತೆಯಿಂದಲೂ ಅಳೆದರೆ ಬೇರೆಯೇ ಉತ್ತರ ಬರುತ್ತದೆ. ಈ ಬರಹದಲ್ಲಿ ಚಿಕ್ಕ ದೋಣಿ ಎಂದರೆ 14ರಿಂದ 18 ಅಡಿಯ, ಮೇಲೆ ತೆರೆದಿರುವ, ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಕಚ್ಚಿಸಿದ ದೋಣಿ; ದೊಡ್ಡದು ಎಂದರೆ 24ರಿಂದ 28 ಅಡಿಯ, ಒಳಗೆ ಮಲಗಲು ಕ್ಯಾಬಿನ್ ಇರುವ ದೋಣಿ ಎಂದು ತಿಳಿಯಬೇಕು.

ಮೊದಲ ಹೆಜ್ಜೆ: ದಿನಗಳ ಲೆಕ್ಕ

ಗೋಡೆಯ ಕ್ಯಾಲೆಂಡರನ್ನು ಇಳಿಸಿ ಮೇಜಿನ ಮೇಲೆ ಹರಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾಲ್ಕು ತಿಂಗಳನ್ನು ಮೊದಲೇ ಹೊಡೆದುಹಾಕಿ. ಆಗ ಹೊಳೆಗಳು ಕೆಂಪಾಗಿ ಉಕ್ಕುತ್ತಿರುತ್ತವೆ, ಸಮುದ್ರವಂತೂ ದೊಡ್ಡ ಮೀನುಗಾರಿಕಾ ದೋಣಿಗಳನ್ನೇ ದಡಕ್ಕೆ ಕಟ್ಟಿಸಿರುತ್ತದೆ. ಅರೇಬಿಕಾ ಕೊಯ್ಲು ಶುರುವಾದರೆ ಭಾನುವಾರಕ್ಕೂ ಸೋಮವಾರಕ್ಕೂ ವ್ಯತ್ಯಾಸವಿಲ್ಲ, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ, ರೊಬಸ್ಟಾ ಒಣಗುವ ಮೊದಲೇ ಹೂವಿನ ಮಳೆಗೆ ಕಾಯುವ ಅಥವಾ ಸ್ಪ್ರಿಂಕ್ಲರ್ ಓಡಿಸುವ ಕೆಲಸ. ತುಲಾ ಸಂಕ್ರಮಣದ ಆಸುಪಾಸಿನ ಕೆಲವು ದಿನ, ನವೆಂಬರಿನ ಕೆಲವು ವಾರಾಂತ್ಯ, ಏಪ್ರಿಲ್ ಮೇ ತಿಂಗಳ ಶಾಲಾ ರಜೆ ಇವಿಷ್ಟು ಉಳಿಯುತ್ತವೆ. ಅದರಲ್ಲೂ ಮದುವೆ, ಹಾಕಿ ಪಂದ್ಯ, ನಾಮಕರಣಗಳನ್ನು ಕಳೆಯಬೇಕು. ನಮ್ಮ ಮನೆಯಲ್ಲಿ ಪ್ರಾಮಾಣಿಕವಾಗಿ ಗುರುತು ಹಾಕಿದಾಗ ಉಳಿದದ್ದು 23 ದಿನ.

ವರ್ಷಕ್ಕೆ 30 ದಿನಕ್ಕಿಂತ ಕಡಿಮೆ ಬಂದರೆ ದೊಡ್ಡ ದೋಣಿಯ ಯೋಚನೆಯನ್ನು ಇಲ್ಲಿಯೇ ಬಿಡುವುದು ಒಳಿತೆಂಬುದು ನನ್ನ ಅಭಿಪ್ರಾಯ. ದೊಡ್ಡ ದೋಣಿಯ ಖರ್ಚಿನ ಬಹುಪಾಲು ಅದು ಓಡಲಿ ಬಿಡಲಿ ನಡೆದೇ ಇರುತ್ತದೆ. ಚಿಕ್ಕದರ ಖರ್ಚು ಹೆಚ್ಚೂಕಡಿಮೆ ಓಡಿಸಿದಷ್ಟೇ.

ಎರಡನೆಯ ಹೆಜ್ಜೆ: ಯಾವ ನೀರು

ಕೊಡಗಿನಲ್ಲಿ ನೀರಿಗೆ ಬರವಿಲ್ಲ, ಆದರೆ ದೋಣಿ ಓಡಿಸುವ ನೀರು ಕಡಿಮೆ. ಕಾವೇರಿ ನಮ್ಮ ಜಿಲ್ಲೆಯಲ್ಲಿ ಬಂಡೆಗಳ ನಡುವೆ ಹರಿಯುವ ಹೊಳೆ. ದುಬಾರೆಯಲ್ಲಿ ಪ್ರವಾಸಿಗರನ್ನು ಆನೆ ಶಿಬಿರಕ್ಕೆ ದಾಟಿಸುವ ದೋಣಿಗಳ ಚಾಲಕರಿಗೆ ಪ್ರತಿಯೊಂದು ಬಂಡೆಯೂ ಬಾಯಿಪಾಠ, ನಮಗಲ್ಲ. ಬರಪೊಳೆ ನದಿ ರಾಫ್ಟಿಂಗಿಗೆ ಸರಿ, ಮೋಟಾರಿಗೆ ಸಲ್ಲ. ತೋಟದ ಕೆರೆಗೆ ಮೋಟಾರೇ ಬೇಡ, ಒಂದು ಜೊತೆ ಹುಟ್ಟು ಸಾಕು.

ಹೀಗಾಗಿ ಉಳಿಯುವುದು ಜಲಾಶಯದ ಹಿನ್ನೀರು ಮತ್ತು ಕರಾವಳಿ. ಕುಶಾಲನಗರದ ಬಳಿಯ ಹಾರಂಗಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,859 ಅಡಿ, ತುಂಬಿದಾಗ 8.5 ಟಿಎಂಸಿ ನೀರು ನಿಲ್ಲುತ್ತದೆ. ಚಿಕ್ಲಿಹೊಳೆ ಅದಕ್ಕಿಂತ ಬಹಳ ಚಿಕ್ಕದು. ಇವು ನೀರಾವರಿಗಾಗಿ ಕಟ್ಟಿದ ಜಲಾಶಯಗಳು, ಆದ್ದರಿಂದ ಖಾಸಗಿ ದೋಣಿ ಇಳಿಸಲು ಜಲಾಶಯವನ್ನು ನಿರ್ವಹಿಸುವ ನಿಗಮದ ಲಿಖಿತ ಅನುಮತಿ ಕೈಗೆ ಬರುವ ತನಕ ಯಾರಿಗೂ ಮುಂಗಡ ಕೊಡಬೇಡಿ. ನೀರಿನ ದಡ ಅರಣ್ಯಕ್ಕೆ ತಾಗಿದ್ದರೆ ಅರಣ್ಯ ಇಲಾಖೆಯನ್ನೂ ಕೇಳಬೇಕು. ಇನ್ನೊಂದು ಸಂಗತಿ ಮಕ್ಕಳ ರಜೆಗೆ ಸಂಬಂಧಿಸಿದ್ದು: ಮೇ ತಿಂಗಳಲ್ಲಿ ಜಲಾಶಯದ ನೀರು ಬಹಳ ಹಿಂದೆ ಸರಿದು, ಅಕ್ಟೋಬರಿನಲ್ಲಿ ನೀರಿನ ಅಂಚಾಗಿದ್ದ ಜಾಗದಿಂದ ಮುಂದೆ ಕೆಸರು, ಅದರಾಚೆ ಮುಳುಗಿದ್ದ ಮರಗಳ ಬೊಡ್ಡೆಗಳು ಕಾಣಿಸಿಕೊಳ್ಳುತ್ತವೆ. ಎಂಜಿನ್ನಿನ ಕಾಲನ್ನು, ಅಂದರೆ ನೀರಿನೊಳಗೆ ಇಳಿಯುವ ಅದರ ಕೆಳಭಾಗವನ್ನು, ಮೇಲೆತ್ತಿಕೊಂಡ ಚಿಕ್ಕ ದೋಣಿ ಮೊಣಕಾಲುದ್ದ ನೀರಿನಲ್ಲಿ ತೇಲುತ್ತದೆ, ಇಬ್ಬರು ನೀರಿಗಿಳಿದು ಅದನ್ನು ತಳ್ಳಬಹುದು. ಎಂಜಿನ್ ಕೆಳಗೆ ಬಿಟ್ಟ 26 ಅಡಿಯ ದೋಣಿಗೆ ಸುಮಾರು ಮೂರು ಅಡಿ ಆಳ ಬೇಕು. ಕೆಸರಿನಲ್ಲಿ ಕೂತರೆ ಎಳೆಯಲು ಟ್ರ್ಯಾಕ್ಟರೇ ಬರಬೇಕು.

ಕರಾವಳಿಯ ಮಾತು ಬೇರೆ. ಮಂಗಳೂರಿನಲ್ಲಿ ನೇತ್ರಾವತಿಯೂ ಗುರುಪುರ ನದಿಯೂ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಅಳಿವೆಯ ಒಳಗಿನ ಹೊಳೆಯಲ್ಲಿ 16 ಅಡಿಯ ದೋಣಿ ಸುಖವಾಗಿ ಓಡಾಡುತ್ತದೆ. ಅಳಿವೆ ಬಾಗಿಲು ದಾಟುವುದು ಮಾತ್ರ ಅದರ ಕೆಲಸವಲ್ಲ: ಇಳಿತದ ಸಮಯದಲ್ಲಿ ಹೊರಹೋಗುವ ಹೊಳೆಯ ನೀರಿಗೆ ಸಮುದ್ರದ ಅಲೆ ಎದುರಾದಾಗ ಅಲೆಗಳು ಒತ್ತೊತ್ತಾಗಿ ಕಡಿದಾಗಿ ಎದ್ದು ಮುರಿಯುತ್ತವೆ, ಎದುರುಗಡೆಯಿಂದ ಬಂದ ಅಂಥದೊಂದು ಅಲೆ ತೆರೆದ ದೋಣಿಯನ್ನು ತುಂಬಿಸಲು ಸಾಕು. ಸಮುದ್ರಕ್ಕೇ ಹೋಗಬೇಕೆಂಬ ಹಟವಿದ್ದರೆ ತಳವು ಆಳವಾಗಿ 'ವಿ' ಆಕಾರದಲ್ಲಿರುವ, ನೀರಿನಿಂದ ಅಂಚಿನ ತನಕ ಸಾಕಷ್ಟು ಎತ್ತರವಿರುವ 22 ಅಡಿಗೆ ಮೇಲ್ಪಟ್ಟ ದೋಣಿ ಬೇಕು. ದೊಡ್ಡ ದೋಣಿಯ ಪರವಾಗಿರುವ ಅತ್ಯಂತ ಗಟ್ಟಿಯಾದ ವಾದ ಇದು, ಇದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹಿನ್ನೀರಿನಲ್ಲಿ ಇದೇ ಆಳದ ತಳ ಒಂದು ಭಾರ. ನಿಂತ ನೀರಿನಲ್ಲಿ ಅಗಲವಾದ ಚಪ್ಪಟೆ ತಳ ಕಡಿಮೆ ಎಂಜಿನ್ನಿನಲ್ಲೇ ಮೇಲೆದ್ದು ಓಡುತ್ತದೆ, ಮೀನು ಹಿಡಿಯಲು ಒಂದು ಬದಿಗೆ ಹೋಗಿ ನಿಂತರೂ ಹೆಚ್ಚು ವಾಲುವುದಿಲ್ಲ.

ಮೂರನೆಯ ಹೆಜ್ಜೆ: ಕಣದ ಮೇಲೆ ದೋಣಿ ಬರೆಯುವುದು

ಮಾರಾಟಗಾರರ ಕಾಗದದಲ್ಲಿರುವ ಚಿತ್ರವನ್ನು ನೋಡಿ ಅಳತೆಯನ್ನು ಊಹಿಸಿಕೊಳ್ಳುವುದು ಕಷ್ಟ. ನಮ್ಮಲ್ಲಿ ಅದಕ್ಕೊಂದು ಸುಲಭದ ಉಪಾಯವಿದೆ. ಕೊಯ್ಲಿಗೆ ಮೊದಲು ಕಾಫಿ ಕಣ ಖಾಲಿ ಇರುವಾಗ ಅದನ್ನು ಗುಡಿಸಿ, ಸುಣ್ಣದ ಪುಡಿಯಲ್ಲಿ 16 ಅಡಿ ಉದ್ದ, ಆರೂವರೆ ಅಡಿ ಅಗಲದ ದೋಣಿಯನ್ನು ಬರೆಯಿರಿ. ಅದರ ಪಕ್ಕಕ್ಕೆ 26 ಅಡಿ ಉದ್ದ, ಎಂಟೂವರೆ ಅಡಿ ಅಗಲದ್ದನ್ನು ಬರೆಯಿರಿ. ಮುಂಭಾಗ ಚೂಪಾಗಿರುವುದನ್ನು ಮರೆಯದೆ ಗೆರೆ ಎಳೆಯಬೇಕು, ಏಕೆಂದರೆ ಚಿಕ್ಕ ದೋಣಿಯ ಮೂತಿಯಲ್ಲಿ ಕಳೆದುಹೋಗುವ ಜಾಗವೇ ಎಲ್ಲರ ಲೆಕ್ಕವನ್ನು ತಪ್ಪಿಸುವುದು.

ಈಗ ಮನೆಯವರನ್ನು ಕರೆದು ಕೂರಿಸಿ. ಮಣೆ, ಮೋಡಾ, ಪ್ಲಾಸ್ಟಿಕ್ ಕುರ್ಚಿ ಯಾವುದಾದರೂ ಆದೀತು. ಐಸ್ ಪೆಟ್ಟಿಗೆ, ಊಟದ ಕ್ಯಾರಿಯರ್, ಪೆಟ್ರೋಲ್ ಕ್ಯಾನ್, ಲಂಗರು, ಹಗ್ಗ, ಗಾಳ, ಎಲ್ಲವನ್ನೂ ಗೆರೆಯೊಳಗೇ ಇಡಿ. ನಾವು ಹೀಗೆ ಮಾಡಿದ ಸಂಜೆ ದೊಡ್ಡಮ್ಮ ತಮ್ಮ ಕುರ್ಚಿಯನ್ನು ನೆರಳಿರುವ ಕಡೆಗೆ ಎಳೆದುಕೊಂಡರು, ಮಕ್ಕಳಿಬ್ಬರೂ ಒಟ್ಟಿಗೆ ಎಡ ಅಂಚಿಗೆ ಓಡಿದರು, ನಾಯಿ ಎಲ್ಲರ ಕಾಲಡಿ ನುಸುಳಿತು. ಸುಣ್ಣದ ಗೆರೆ ಎಲ್ಲರ ಚಪ್ಪಲಿಗೂ ಹತ್ತಿತೆಂಬುದು ಬೇರೆ ಮಾತು. ಆದರೆ ಯಾರು ಎಲ್ಲಿ ಕೂರುತ್ತಾರೆ, ಯಾರು ಯಾವಾಗ ಏಳುತ್ತಾರೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯಿತು. ನೆರಳು ಬೇಕೆಂದು ದೊಡ್ಡಮ್ಮ ಹೇಳದೇ ಇದ್ದಿದ್ದರೆ ದೋಣಿಗೆ ಮೇಲ್ಛಾವಣಿಯ ಬಟ್ಟೆ ಬೇಕೆಂಬುದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಆಮೇಲೆ ಕಾಫಿ ತೂಗುವ ತಕ್ಕಡಿಯ ಮೇಲೆ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ಸಾಮಾನನ್ನೂ ತೂಗಿ ಕೂಡಿಸಿ. 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಬಳಕೆಯಲ್ಲಿರುವ ಒಂದು ಅಂದಾಜು ಹೀಗಿದೆ: ಉದ್ದವನ್ನೂ ಅಗಲವನ್ನೂ ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸಿದರೆ, ನೀರು ಶಾಂತವಾಗಿರುವಾಗ ಕೂರಬಹುದಾದವರ ಸಂಖ್ಯೆ ಸಿಗುತ್ತದೆ. ಮೇಲಿನ ಚಿಕ್ಕ ದೋಣಿಗೆ 104ನ್ನು 15ರಿಂದ ಭಾಗಿಸಿದರೆ ಆರು ಜನ, ಮೇಲೆ ಹೆಚ್ಚೂಕಡಿಮೆ ಇನ್ನೊಬ್ಬರಷ್ಟು ಉಳಿಕೆ. ಆ ಉಳಿಕೆಯನ್ನು ಏಳನೆಯವರೆಂದು ಎಣಿಸಬಾರದು. ಈ ಲೆಕ್ಕ ಒಬ್ಬೊಬ್ಬರನ್ನು ಸುಮಾರು 68 ಕಿಲೋ ಎಂದು ಹಿಡಿಯುತ್ತದೆ. ಹಂದಿ ಕರಿ, ಕಡುಬು ತಿಂದು ಬೆಳೆದ ನಮ್ಮ ಮನೆಗಳಲ್ಲಿ ಒಬ್ಬರನ್ನು ಕಡಿಮೆ ಮಾಡಿಕೊಳ್ಳುವುದೇ ಕ್ಷೇಮ. ತಯಾರಕರು ದೋಣಿಗೆ ಅಂಟಿಸಿದ ಭಾರದ ಫಲಕವಿದ್ದರೆ ಅದೇ ಅಂತಿಮ.

ಪುತ್ತರಿಗೆ ಬರುವ ಇಪ್ಪತ್ತು ಜನಕ್ಕೆ ಏನು ಮಾಡುವುದು ಎಂಬ ಪ್ರಶ್ನೆ ಈಗಲೂ ಉಳಿದಿರುತ್ತದೆ. ಐದೈದು ಜನರನ್ನು ನಾಲ್ಕು ಸುತ್ತು ಕರೆದುಕೊಂಡು ಹೋಗಿ. ದಡದಲ್ಲಿ ಕಾಯುವವರಿಗೆ ಒಲೆಯಿದೆ. ಅಷ್ಟಕ್ಕೂ 26 ಅಡಿಯ ದೋಣಿಯೂ ಇಪ್ಪತ್ತು ಜನರನ್ನು ಹೊರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಘಾಟಿ ರಸ್ತೆ

ಬಯಲುಸೀಮೆಯವರಿಗೆ ಇದು ಅಷ್ಟು ಮುಖ್ಯವಾಗಲಾರದು, ನಮಗೆ ಇದೇ ನಿರ್ಣಾಯಕ. ದೋಣಿಯ ಉದ್ದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾದರೆ ಅಗಲ, ಎತ್ತರಗಳೂ ಜೊತೆಗೆ ಬೆಳೆದು ತೂಕ ನಾಲ್ಕು ಪಟ್ಟಾಗುತ್ತದೆ. 16 ಅಡಿಯ ದೋಣಿ, ಎಂಜಿನ್, ಇಂಧನ, ಟ್ರೈಲರ್ ಎಲ್ಲ ಸೇರಿ ಸಾಮಾನ್ಯವಾಗಿ ಒಂದು ಟನ್ನಿನ ಸುತ್ತಮುತ್ತ ಇರುತ್ತದೆ. ಕ್ಯಾಬಿನ್ ಇರುವ 26 ಅಡಿಯದು ಟ್ರೈಲರಿನೊಂದಿಗೆ ಮೂರೂವರೆ, ನಾಲ್ಕು ಟನ್ನಿಗೆ ಹೋಗುತ್ತದೆ. ಮೊದಲನೆಯದನ್ನು, ಟ್ರೈಲರಿಗೆ ಸ್ವಂತ ಬ್ರೇಕ್ ಇದ್ದರೆ, ಮನೆಯ ಜೀಪು ಎಳೆಯಬಲ್ಲದು. ನಿಮ್ಮ ವಾಹನದ ಕೈಪಿಡಿಯಲ್ಲಿ ಎಳೆಯುವ ಭಾರದ ಮಿತಿಯನ್ನು ಓದಿಕೊಳ್ಳಿ. ಎರಡನೆಯದಕ್ಕೆ ಲಾರಿ, ಕ್ರೇನು, ನಾಲ್ಕು ಜನ ಆಳು, ಅರ್ಧ ದಿನ ಬೇಕು. ಭಾವನವರ ದೋಣಿ ನೀರು ಕಾಣದಿರಲು ಕಾರಣ ಸೋಮಾರಿತನವಲ್ಲ, ಪ್ರತಿ ಸಲವೂ ಕ್ರೇನಿನವನಿಗೆ ಫೋನು ಮಾಡಬೇಕಾಗಿದ್ದದ್ದು.

ಅಗಲವನ್ನೂ ನೋಡಬೇಕು. ರಸ್ತೆಯ ಮೇಲಿನ ವಾಹನದ ಅಗಲಕ್ಕೆ ನಿಯಮದಲ್ಲಿ 2.6 ಮೀಟರ್ ಮಿತಿಯಿದೆ, ಎಂಟೂವರೆ ಅಡಿ ಅಗಲದ ದೋಣಿ ಅದರೊಳಗೆ ಕೂದಲೆಳೆಯಲ್ಲಿ ಹಿಡಿಯುತ್ತದೆ. ನಿಯಮದಲ್ಲಿ ಹಿಡಿದರೂ ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದಾಗ ಹಿಡಿಯಬೇಕಲ್ಲ! ಟ್ರೈಲರ್ ಯಾವಾಗಲೂ ಎಳೆಯುವ ವಾಹನಕ್ಕಿಂತ ಒಳಗಿನಿಂದ ತಿರುವು ಕತ್ತರಿಸುತ್ತದೆ, ಆದ್ದರಿಂದ ಚಾಲಕ ಹೊರಗೆ ಅಗಲವಾಗಿ ಹೋಗಬೇಕು. ಹೋಗಲು ಅಲ್ಲಿ ಜಾಗವಿರುವುದಿಲ್ಲ. ಕೇರಳದ ಕಡೆ ಇಳಿಯುವ ಮಾಕುಟ್ಟದ ದಾರಿಯೂ ಇದಕ್ಕಿಂತ ಉತ್ತಮವಲ್ಲ. 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಕೊಚ್ಚಿಹೋಗಿದ್ದನ್ನು ಕಂಡವರು ಮಳೆಗಾಲದಲ್ಲಿ ದೋಣಿ ಎಳೆಯುವ ಮಾತನ್ನು ಆಡುವುದಿಲ್ಲ.

ಚಿಕ್ಕ ದೋಣಿಯನ್ನು ಎಳೆಯುವಾಗಲೂ ಎರಡು ವಿಷಯ ನೆನಪಿರಲಿ. ಒಟ್ಟು ತೂಕದ 5ರಿಂದ 10 ಶೇಕಡಾ ಭಾರ ಕೊಂಡಿಯ ಮೇಲೆ ಬೀಳುವಂತೆ ದೋಣಿಯನ್ನು ಟ್ರೈಲರಿನ ಮೇಲೆ ಮುಂದಕ್ಕೆ ಕೂರಿಸಬೇಕು, ಹಿಂಭಾರವಾದರೆ ಇಳಿಜಾರಿನಲ್ಲಿ ಟ್ರೈಲರ್ ಬಾಲದಂತೆ ಅತ್ತಿತ್ತ ಆಡತೊಡಗುತ್ತದೆ. ಘಾಟಿ ಇಳಿದ ಕೂಡಲೇ ಟ್ರೈಲರನ್ನು ನೀರಿಗೆ ಇಳಿಸಲೂಬಾರದು; ಬಿಸಿಯಾದ ಚಕ್ರದ ಬೇರಿಂಗು ತಣ್ಣೀರು ತಾಗಿದಾಗ ಒಳಕ್ಕೆ ನೀರು ಎಳೆದುಕೊಂಡು ಕೆಡುತ್ತದೆ. ಅರ್ಧ ಗಂಟೆ ಕಾಫಿ ಕುಡಿಯಿರಿ.

ಇಷ್ಟು ಓದಿ, ಹಾಗಾದರೆ 20–21 ಅಡಿಯ ಮಧ್ಯದ ದಾರಿ ಆಗದೇ ಎಂದು ಕೇಳಬಹುದು. ಆಗುತ್ತದೆ, ಅಳಿವೆಯ ಒಳಗೂ ಹಿನ್ನೀರಿನಲ್ಲೂ ಎರಡೂ ಕಡೆ ಓಡಿಸುವವರಿಗೆ, ದೊಡ್ಡ ಎಂಜಿನ್ನಿನ ಜೀಪು ಇರುವವರಿಗೆ. ದೊಡ್ಡ ದೋಣಿ ಹೊಂದುವುದು ಒಂದೇ ಬಗೆಯ ಕುಟುಂಬಕ್ಕೆ: ಕರಾವಳಿಯಲ್ಲಿ ಇನ್ನೊಂದು ಮನೆ ಇದ್ದು, ದೋಣಿ ಅಲ್ಲಿಯೇ ದೋಣಿ ಕಟ್ಟುವ ದಕ್ಕೆಯ ಬಳಿ ನಿಂತು, ವಾರಕ್ಕೊಮ್ಮೆ ಅದನ್ನು ನೋಡಿಕೊಳ್ಳಲು ನಂಬಿಕೆಯ ಜನವಿರುವವರಿಗೆ. ಅದನ್ನು ಘಾಟಿ ಹತ್ತಿಸುವ ಪ್ರಶ್ನೆಯೇ ಬರಬಾರದು.

ಐದನೆಯ ಹೆಜ್ಜೆ: ಎಂಜಿನ್ ಮತ್ತು ಪೆಟ್ರೋಲು

ಪೂರ್ತಿ ವೇಗದಲ್ಲಿ ಪೆಟ್ರೋಲ್ ಎಂಜಿನ್ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಲೀಟರಿನ ಮೂರನೆಯ ಒಂದು ಭಾಗದಷ್ಟು ಕುಡಿಯುತ್ತದೆ ಎಂದು ಇಟ್ಟುಕೊಳ್ಳಿ. ಚಿಕ್ಕ ದೋಣಿಯ 40 ಅಶ್ವಶಕ್ತಿಯ ಎಂಜಿನ್ನಿಗೆ ಅದು ಸುಮಾರು 13 ಲೀಟರ್, ದೊಡ್ಡದರ 200 ಅಶ್ವಶಕ್ತಿಗೆ ಸುಮಾರು 66 ಲೀಟರ್. ಸಾವಕಾಶವಾಗಿ ಓಡಿಸಿದರೆ ಎರಡೂ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತವೆ. ಟ್ಯಾಂಕಿನ ಮೂರನೆಯ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಮುಟ್ಟದೆ ಇಡಲು.

ಹಾರಂಗಿಯ ಎತ್ತರದಲ್ಲಿ ಗಾಳಿ ಕರಾವಳಿಗಿಂತ ತೆಳು. ಪ್ರತಿ 1,000 ಅಡಿಗೆ ಎಂಜಿನ್ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುವುದರಿಂದ, ಮಂಗಳೂರಿನಲ್ಲಿ 40 ಅಶ್ವಶಕ್ತಿ ತೋರಿಸಿದ ಎಂಜಿನ್ ಇಲ್ಲಿ ಮೂರೂವರೆಯಷ್ಟು ಕಡಿಮೆ ತೋರಿಸುತ್ತದೆ. ಆರು ಜನ ಕೂತಾಗ ಮೂತಿ ಮೇಲೆತ್ತಿಕೊಂಡೇ ತೆವಳುತ್ತಿದ್ದರೆ, ಎಂಜಿನ್ ತನ್ನ ಪೂರ್ತಿ ಸುತ್ತುಗಳನ್ನು ತಲುಪದಿದ್ದರೆ, ಒಂದು ಇಂಚು ಕಡಿಮೆ ಪಿಚ್‌ನ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಪ್ರೊಪೆಲ್ಲರ್ ಹಾಕಿ ನೋಡಿ. ಒಂದು ಇಂಚಿಗೆ ನಿಮಿಷಕ್ಕೆ 150ರಿಂದ 200 ಸುತ್ತು ಹೆಚ್ಚುತ್ತದೆ. ಹೊಸ ಎಂಜಿನ್ ಕೊಳ್ಳುವುದಕ್ಕಿಂತ ಇದು ಬಹಳ ಅಗ್ಗ.

ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಇರುತ್ತದೆ, ಹೆಚ್ಚಿನ ಔಟ್‌ಬೋರ್ಡ್ ತಯಾರಕರು ಒಪ್ಪುವುದು 10ರ ತನಕ ಮಾತ್ರ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಜುಲೈ ತಿಂಗಳ ಗಾಳಿಯಲ್ಲಿ ಎಷ್ಟು ತೇವವಿರುತ್ತದೆಂದು ಹೇಳಬೇಕಿಲ್ಲ. ನಿಮ್ಮ ಎಂಜಿನ್ ಯಾವ ಪೆಟ್ರೋಲಿಗೆ ಸರಿಯೆಂದು ಮಾರುವವರಿಂದ ಬರೆಸಿಕೊಳ್ಳಿ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ದೊಡ್ಡ ದೋಣಿಯ ತಳದೊಳಗೆ ಪೆಟ್ರೋಲ್ ಎಂಜಿನ್ ಇದ್ದರೆ ಇನ್ನೊಂದು ಅಪಾಯವೂ ಇದೆ: ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ತಳದಲ್ಲಿ ಕೂತು ಕಿಡಿಗೆ ಕಾಯುತ್ತದೆ. ಸ್ಟಾರ್ಟ್ ಮಾಡುವ ಮೊದಲು ಕನಿಷ್ಠ ನಾಲ್ಕು ನಿಮಿಷ ಆವಿಯನ್ನು ಹೊರದೂಡುವ ಬ್ಲೋವರ್ ಫ್ಯಾನ್ ಓಡಿಸಿ ಮೂಗಿನಿಂದಲೂ ಪರೀಕ್ಷಿಸಬೇಕು. ಔಟ್‌ಬೋರ್ಡ್ ಎಂಜಿನ್ ಹೊರಗೇ ಇರುವುದರಿಂದ ಈ ತೊಂದರೆ ಬಹಳ ಕಡಿಮೆ.

ಆರನೆಯ ಹೆಜ್ಜೆ: ಕಾಗದಪತ್ರ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 1917ರ ಹಳೆಯ ಕಾನೂನಿನ ಜಾಗಕ್ಕೆ ಬಂದಿರುವ 2021ರ ಒಳನಾಡು ನೌಕೆಗಳ ಕಾಯ್ದೆಯಂತೆ ಯಂತ್ರದಿಂದ ಓಡುವ ದೋಣಿಗೆ ತಪಾಸಣೆ, ನೋಂದಣಿ, ವಿಮೆ ಬೇಕು. ಒಂದು ರಾಜ್ಯದ ನೋಂದಣಿ ದೇಶದ ಬೇರೆ ಕಡೆಯೂ ನಡೆಯುತ್ತದೆ. ಹಳೆಯ ದೋಣಿಯಾದರೆ ಎಂಜಿನ್ ಸಂಖ್ಯೆಯನ್ನು ಕಾಗದದೊಂದಿಗೆ ನೀವೇ ಹೋಲಿಸಿ. ವಿಹಾರದ ದೋಣಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಿಂದ 40 ಶೇಕಡಾ ಆಗಿರುವುದರಿಂದ, ಅಡಿಯೊಂದು ಹೆಚ್ಚಾದಂತೆ ತೆರಿಗೆಯೂ ಹೆಗಲ ಮೇಲೆ ಹೆಚ್ಚುತ್ತ ಹೋಗುತ್ತದೆ. ಟ್ರೈಲರಿನ ನೋಂದಣಿ ಬೇರೆ.

ಏಳನೆಯ ಹೆಜ್ಜೆ: ನೋಡಿ, ತಟ್ಟಿ, ಓಡಿಸಿ

ಹಲಸಿನ ಹಣ್ಣನ್ನು ತಟ್ಟಿ ನೋಡುವ ಕಿವಿ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಫೈಬರ್ ದೋಣಿಯ ತಳವನ್ನು ನಾಣ್ಯದಿಂದ ಮೂಲೆಮೂಲೆಗೂ ತಟ್ಟಿ. ಗಟ್ಟಿಯಾದ ಟಕಟಕ ಸದ್ದು ಇದ್ದಕ್ಕಿದ್ದಂತೆ ಮಂದವಾದ ಕಡೆ ಪದರ ಬಿಟ್ಟಿದೆ ಅಥವಾ ಒಳಗಿನ ಮರ ನೆನೆದಿದೆ. ಎಂಜಿನ್ ಕಚ್ಚಿಸಿದ ಹಿಂಬದಿಯ ಹಲಗೆಯೇ ಹೆಚ್ಚು ಕೊಳೆಯುವುದು: ಎಂಜಿನ್ನಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಹಲಗೆ ಬಾಗಿದರೆ ಆ ದೋಣಿ ಬೇಡ. ಎಂಜಿನ್ನಿನ ಗೇರ್‌ಬಾಕ್ಸಿನ ಎಣ್ಣೆಯನ್ನು ನಾಲ್ಕು ಹನಿ ಇಳಿಸಿ. ಹಾಲು ಬೆರೆತಂತಿದ್ದರೆ ಸೀಲು ಹೋಗಿ ನೀರು ಸೇರಿದೆ. ಸಿಲಿಂಡರುಗಳ ಒತ್ತಡ ಅಳೆಸಿ, ಅವುಗಳ ನಡುವೆ 10 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಉಪ್ಪುನೀರಿನಲ್ಲಿ ದುಡಿದ ಎಂಜಿನ್ನಾದರೆ ಸವೆದುಹೋಗಲೆಂದೇ ಕಟ್ಟಿರುವ ಸತುವಿನ ತುಂಡುಗಳನ್ನು ನೋಡಿ, ಅವು ಪೂರ್ತಿ ಕರಗಿಹೋಗಿದ್ದರೆ ಮಾಲೀಕರ ನಿಗಾ ಎಷ್ಟೆಂದು ತಿಳಿಯುತ್ತದೆ.

ಓಡಿಸಿ ನೋಡುವ ದಿನ ಮಾರುವವರೊಬ್ಬರ ಜೊತೆ ಹೋಗಬೇಡಿ. ಕಣದಲ್ಲಿ ಕೂರಿಸಿದ ಅದೇ ಜನರನ್ನು, ಅದೇ ಸಾಮಾನನ್ನು ತೆಗೆದುಕೊಂಡು ಹೋಗಿ. ಮಕ್ಕಳಿಗೆ ಅವರ ತೂಕಕ್ಕೆ ಸರಿಯಾದ ಲೈಫ್ ಜಾಕೆಟ್ ತೊಡಿಸಿ, ಎರಡೂ ಹೆಗಲ ಮೇಲೆ ಹಿಡಿದು ಎತ್ತಿ ನೋಡಿ. ಜಾಕೆಟ್ ಕಿವಿಯ ತನಕ ಜಾರಿದರೆ ಅದು ದೊಡ್ಡದಾಯಿತು. ಚಾಲಕನ ಕೈಗೆ ಕಟ್ಟುವ, ಅವನು ಬಿದ್ದರೆ ಎಂಜಿನ್ ನಿಲ್ಲಿಸುವ ದಾರವನ್ನು ಎಳೆದು ಪರೀಕ್ಷಿಸಿ. ಎಲ್ಲರೂ ಒಂದು ಬದಿಗೆ ಬಂದಾಗ ಅಂಚು ನೀರಿಗೆ ಎಷ್ಟು ಹತ್ತಿರ ಬರುತ್ತದೆಂದು ದಡದಲ್ಲಿ ನಿಂತ ಒಬ್ಬರು ನೋಡಲಿ. ಹಿರಿಯರು ದಡದಿಂದ ಹತ್ತಿ ಇಳಿಯುವುದನ್ನು ಎರಡೆರಡು ಸಲ ಮಾಡಿಸಿ. ದೊಡ್ಡಮ್ಮನಿಗೆ 26 ಅಡಿಯ ದೋಣಿಯ ಎತ್ತರದ ಬದಿ ಹತ್ತಲಾಗಲಿಲ್ಲ, ಚಿಕ್ಕದಕ್ಕೆ ಅವರು ನನ್ನ ಭುಜ ಹಿಡಿದು ಸಲೀಸಾಗಿ ಇಳಿದರು.

ಕೊಂಡ ಮೇಲಿನ ಮೊದಲ ಮಳೆಗಾಲ

ಮೇ ಕೊನೆಯಲ್ಲಿ ಟ್ಯಾಂಕಿನ ಪೆಟ್ರೋಲನ್ನು ಖಾಲಿ ಮಾಡಿ, ಎಂಜಿನ್ನಿನೊಳಗೆ ಸಿಹಿನೀರು ಹರಿಸಿ ತೊಳೆದು, ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡಿ. ದೋಣಿಯನ್ನು ಮಾಡಿನ ಕೆಳಗೆ ಮೂತಿ ಮೇಲಾಗಿ ನಿಲ್ಲಿಸಿ, ಟಾರ್ಪಾಲಿನ ಅಡಿಯಲ್ಲಿ ಗಾಳಿ ಆಡುವಂತೆ ಬಿದಿರಿನ ಗಳ ಕೊಡಿ, ಇಲ್ಲದಿದ್ದರೆ ಆಗಸ್ಟಿಗೆ ಸೀಟುಗಳೆಲ್ಲ ಬೂಷ್ಟು ಹಿಡಿದು ಹಸಿರಾಗಿರುತ್ತವೆ. ಹಿಂಬದಿಯ ತಳದಲ್ಲಿರುವ ಬಿರಡೆಯನ್ನು ತೆಗೆದಿಡಬೇಕು, ಒಳಗೆ ಬಿದ್ದ ನೀರು ಹರಿದುಹೋಗಲು.

ಆ ಬಿರಡೆಯನ್ನು ನಾನು ಮೊದಲ ವರ್ಷ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೆ. ಅಕ್ಟೋಬರಿನಲ್ಲಿ ದೋಣಿ ಇಳಿಸಿ ಎಲ್ಲರೂ ಕೂತು ದಡ ಬಿಟ್ಟ ಎರಡು ನಿಮಿಷಕ್ಕೆ ಅತ್ತಿಗೆ, "ಚಪ್ಪಲಿ ತೇಲ್ತಾ ಇದೆ, ನೋಡಿ" ಎಂದರು. ಚಿಕ್ಕ ದೋಣಿಯಾದ್ದರಿಂದ ತಿರುಗಿಸಿ ದಡಕ್ಕೆ ತಂದು, ಇಬ್ಬರು ಎಳೆದು, ನೀರು ಚೆಲ್ಲಿ, ಕಾಲು ಗಂಟೆಯಲ್ಲಿ ಮತ್ತೆ ಹೊರಟೆವು. ಆಮೇಲಿನಿಂದ ಬಿರಡೆಗೆ ಕೆಂಪು ದಾರ ಕಟ್ಟಿ, ಮಳೆಗಾಲವಿಡೀ ದೋಣಿಯ ಸ್ಟೀರಿಂಗಿಗೇ ನೇತುಹಾಕುತ್ತೇವೆ.